ಫಿಟ್ಟರ್ ಖಾಜಾಸಾಬರನ್ನು ಹುಡುಕಿಕೊಂಡು

ಎಂಬತ್ತರ ದಶಕದ ಆರಂಭದ ಒಂದು ಮೇ ತಿಂಗಳು. ಬೆಳಿಗ್ಗೆ ಎಂಟಕ್ಕೇ ಚುರುಗುಟ್ಟುವ ಬಿಸಿಲಲ್ಲಿ ಹೊಸಪೇಟೆಯ ಬಸ್ಸಿನಿಂದ ಗಂಗಾವತಿಯಲ್ಲಿ ಇಳಿದೆ. ಅಲ್ಲಿನ ಒಂದು ಸಕ್ಕರೆ ಕಾರ್ಖಾನೆಯ ಪವರ್ ಹೌಸಿನಲ್ಲಿ ಹಳೆಯ ಉಗಿ ಟರ್ಬೈನ್ ತೆಗೆದು ಹೊಸದನ್ನು ಕೂರಿಸುವವರಿದ್ದರು. ಉಗಿ ತಣಿದು ನೀರಾದಾಗ ಅದನ್ನು ಹೊರಗೆ ಬಿಡುವ ಡ್ರೇನ್ ಪೈಪುಗಳ ನಕ್ಷೆ ಬರೆದವಳು ನಾನು. ಬೆಂಗಳೂರಿನ ಕಚೇರಿ ಬಿಟ್ಟು ಸ್ಥಳಕ್ಕೆ ಹೋದದ್ದು ಅದೇ ಮೊದಲು.

ಆಪರೇಟರ್ ವೀರಪ್ಪ ನಕ್ಷೆ ನೋಡಿ, "ಹೊಸಾ ಪೈಪು ನೆಲದಾಗಿನ ಹಳೇ ಲೈನಿಗೇ ಕೂಡಸ್ತೀರೇನ್ರಿ ಅಕ್ಕಾರ? ಮಷೀನ್ ಚಾಲೂ ಮಾಡಿದಾಗೆಲ್ಲಾ ಅದು ದಡದಡ ಬಡಕೊಂತಿತ್ರಿ," ಎಂದರು.

ಹಾಗೆ ಬಡಿದುಕೊಂಡರೆ ಒಳಗೆ ನೀರು ನಿಂತಿದೆ ಎಂದರ್ಥ. ಆ ನೀರು ಟರ್ಬೈನಿಗೆ ನುಗ್ಗಿದರೆ ಒಳಗಿನ ರೆಕ್ಕೆಗಳು ಮುರಿಯುತ್ತವೆ. ಹಳೆಯ ನಕ್ಷೆಯಲ್ಲಾದರೋ ಲೈನು ಹೊರಗೆ ನೀರು ಬೀಳುವ ಗುಂಡಿಯವರೆಗೆ ಒಂದೇ ಸಮ ಇಳಿಜಾರು. ಹಾಗಾದರೆ ನೀರು ನಿಲ್ಲುವುದು ಎಲ್ಲಿ? ನೆಲವನ್ನೆಲ್ಲ ಒಡೆಯಲು ಸಮಯವಿರಲಿಲ್ಲ. ಆ ಲೈನು ಹಾಕಿದ ಫಿಟ್ಟರ್ ಖಾಜಾಸಾಬರು ನಿವೃತ್ತರಾಗಿ ಕುಷ್ಟಗಿಯಲ್ಲಿದ್ದಾರೆಂದು ವೀರಪ್ಪ ಹೇಳಿದ್ದೇ ತಡ, ಬಸ್ ಹಿಡಿದೆ.

ಕಾಲುವೆಯ ಗದ್ದೆಗಳು ಬೇಗನೆ ಮುಗಿದವು. ಆಮೇಲೆ ಬರೀ ಕಲ್ಲುಗುಡ್ಡ, ಒಣಹೊಲ. ಕುಷ್ಟಗಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಮನೆ ಹುಡುಕಿದರೆ ಅವರ ತಮ್ಮ, "ಯಲಬುರ್ಗಾಕ್ಕ ಮಗಳ ಮನಿಗಿ ಹೋಗ್ಯಾರ್ರಿ," ಎಂದರು. ಮತ್ತೊಂದು ಬಸ್ಸು. ದಾರಿಯುದ್ದಕ್ಕೂ ನಿಂತೇ ಹೋದೆ.

ಯಲಬುರ್ಗಾದಲ್ಲಿ ಖಾಜಾಸಾಬರು ಕಟ್ಟೆಯ ಮೇಲೆ ಕುಳಿತು ಮಗಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ನಕ್ಷೆ ಹರಡಿದೆ.

"ನನಗ ಓದಾಕ ಬರಂಗಿಲ್ರವ್ವಾ," ಎಂದವರು, ವಿಷಯ ಕೇಳಿ ಎಣ್ಣೆಡಬ್ಬಿ ಕೆಳಗಿಟ್ಟರು. "ಅಲ್ಲಿ ಬಂಡಿಗಲ್ಲು ಬಂದಿತ್ತು. ಸಿಡಿಸಿದ್ರ ಪಾಯಾ ಅಳ್ಳಾಡತಿತ್ತು. ಅದಕ್ಕ ಪೈಪು ಮ್ಯಾಲಿಂದ ಹಾಯಿಸಿದ್ವಿ. ನಕ್ಷೆದಾಗ ಬರೀರಿ ಅಂತ ಹೇಳಿದ್ದೆ. ಯಾರೂ ಬರೀಲಿಲ್ಲ."

"ಬಂಡೆ ಎಲ್ಲಿದೆ, ಹೇಳಬಲ್ಲಿರಾ?"

"ಹೇಳಾಕ ಬರಂಗಿಲ್ಲ. ನಡದು ತೋರಿಸ್ತೀನಿ."

ಅಂದು ಅವರ ಮಗಳು ರೊಟ್ಟಿ, ಪುಂಡಿಪಲ್ಯ ಬಡಿಸಿ ಉಳಿಸಿಕೊಂಡಳು. ಮರುದಿನ ಕೊಪ್ಪಳದಲ್ಲಿ ಬಸ್ ಬದಲಿಸುವಾಗ ಖಾಜಾಸಾಬರು ಚಹಾ ಮುಟ್ಟಲಿಲ್ಲ. "ಭಾಳ ವರ್ಷದ ಮಾತು. ತಪ್ಪಿದ್ರ?" ಎಂದರು. ನನಗೂ ಅದೇ ಭಯವಿತ್ತು.

ಪವರ್ ಹೌಸಿನಲ್ಲಿ ಅವರು ಚಪ್ಪಲಿ ಕಳಚಿ, ಮೂಲೆಯ ಕಂಬದಿಂದ ಹೆಜ್ಜೆ ಎಣಿಸುತ್ತ ನಡೆದು ನಿಂತರು. "ಇಲ್ಲಿ ಒಡೀರಿ."

ಮೊಣಕಾಲುದ್ದ ಅಗೆದರೂ ಬರೀ ಮಣ್ಣು. ಖಾಜಾಸಾಬರು ಬೆವರೊರೆಸಿಕೊಂಡರು. ಇನ್ನೊಂದು ಗೇಣು ಅಗೆದಾಗ ಹಾರೆ ಠಣ್ಣೆಂದಿತು. ಬಂಡೆಯ ಬೆನ್ನೇರಿ ಇಳಿದ ಪೈಪು ಕಂಡಿತು. ಏರುವ ಕಡೆ ಕೊರೆದಾಗ ಅಲ್ಲೇ ನಿಂತಿದ್ದ ತುಕ್ಕುನೀರು ಚಿಮ್ಮಿತು. ವೀರಪ್ಪ ಖಾಜಾಸಾಬರನ್ನು ತಬ್ಬಿಕೊಂಡೇಬಿಟ್ಟರು.

ಹಳೆಯ ಲೈನು ಕೈಬಿಟ್ಟು, ಬಂಡೆಯನ್ನು ಸುತ್ತಿಕೊಂಡು ಇಳಿಯುವ ಹೊಸ ಲೈನನ್ನು ಅಲ್ಲೇ ಕುಳಿತು ಬರೆದೆ. ಹೊಸ ಟರ್ಬೈನ್ ಬಡಿತವಿಲ್ಲದೆ ಚಾಲೂ ಆಯಿತೆಂದು ಮುಂದೆ ವೀರಪ್ಪ ಕಾಗದ ಬರೆದರು.

ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಬಂದ ಖಾಜಾಸಾಬರು ಕಿಟಕಿಯ ಹತ್ತಿರ ನಿಂತು ಕೇಳಿದರು: "ಈ ಸಲ ಕಲ್ಲು ಬರದೀರಿಲ್ಲೋ?"

ನಕ್ಷೆ ಬಿಚ್ಚಿ ದುಂಡನೆಯ ಗುರುತೊಂದನ್ನು ತೋರಿಸಿದೆ. ಅವರು ಅದರ ಮೇಲೆ ಬೆರಳಿಟ್ಟರು. ಕಂಡಕ್ಟರ್ ಎರಡನೇ ಸೀಟಿ ಊದುವವರೆಗೂ ತೆಗೆಯಲಿಲ್ಲ.