ಅಪ್ಪ ಅರ್ಧಕ್ಕೆ ಬಿಟ್ಟ ರಷ್ಯಾದ ಕಥೆ

ಆಗ ನಾವು ಗಲ್ಫಿನ ಸತ್ವಾ ಬಡಾವಣೆಯಲ್ಲಿ, ನಾಲ್ಕಾರು ಸಂಸಾರಗಳು ಹಂಚಿಕೊಂಡ ವಿಲ್ಲಾದ ಒಂದು ಕೋಣೆಯಲ್ಲಿದ್ದೆವು. ಅಪ್ಪನಿಗೆ ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿಯಲ್ಲಿ ಕೆಲಸ. ಆ ಬೇಸಿಗೆಯಲ್ಲಿ ರಷ್ಯಾದ ಕಲಾವಿದೆಯೊಬ್ಬರು ತಮ್ಮ ದೇಶದ ಹಳೆಯ ಕಾದಂಬರಿಗೆ ಮಾಡಿದ, ಕಾಗದಕ್ಕೆ ಅಚ್ಚೊತ್ತಿದ ಎಚಿಂಗ್ ಚಿತ್ರಗಳನ್ನು ಒಂದೊಂದಾಗಿ ತಂದುಕೊಡುತ್ತಿದ್ದರು. ಅಂಗಡಿಯ ಎಸಿ ಕೆಟ್ಟಿತ್ತು. ಕಾಗದಕ್ಕೆ ತೇವ ತಾಗದಿರಲೆಂದು ಅಪ್ಪ ಅವನ್ನು ಮನೆಗೆ ತರುತ್ತಿದ್ದರು.

ಬಂಗುಡೆ ಸಾರು ಕುದಿಯುವಾಗ ಅಪ್ಪನೂ ನಾನೂ ಸೋಪು ಹಾಕಿ ಕೈ ತೊಳೆದು ಚಿತ್ರ ಬಿಚ್ಚುವುದು. ಹಿಮ, ಕುದುರೆ ಎಳೆಯುವ ಜಾರುಬಂಡಿ, ತುಪ್ಪಳದ ಟೊಪ್ಪಿಯ ಹುಡುಗಿ. ಅಪ್ಪ ಆ ಕಾದಂಬರಿ ಓದಿದವರಲ್ಲ. ಆದರೂ ಚಿತ್ರ ನೋಡಿ ಕಥೆ ಕಟ್ಟಿ ಹೇಳುತ್ತಿದ್ದರು. ಜಾರುಬಂಡಿ ಕಾಡು ಹೊಕ್ಕಲ್ಲಿಗೆ ಒಂದು ದಿನ ನಿಲ್ಲಿಸಿದರು.

"ಮುಂದೆ?"

"ಮುಂದಿನ ಚಿತ್ರ ಬರ್ಲಿ ಮಗಾ."

ಅಮ್ಮನಿಗೆ ಇಸ್ತ್ರಿಯ ಹುಚ್ಚು. ಅಪ್ಪನ ಕರವಸ್ತ್ರವನ್ನೂ ಬಿಡುತ್ತಿರಲಿಲ್ಲ. ಮರುದಿನ ಆ ಚಿತ್ರದ ಸುತ್ತ ಕಾಗದದಲ್ಲಿ ತಗ್ಗಾದ ಗೆರೆ ಕಂಡು, ಮಡಿಕೆ ಬಿದ್ದಿದೆಯೆಂದು ತಿಳಿದು, ಮೇಲೆ ಬಟ್ಟೆ ಹಾಸಿ ನೀಟಾಗಿ ಇಸ್ತ್ರಿ ಹಾಕಿಬಿಟ್ಟರು.

"ಅದು ಮಡಿಕೆ ಅಲ್ಲ ಮಾರಾಯ್ತಿ. ತಾಮ್ರದ ತಗಡು ಒತ್ತಿದ ಗುರುತು. ಎಚಿಂಗ್ ಅಂದ್ರೆ, ಅಸಲಿ ಹೌದಾ ಅಂತ ಜನ ಮೊದ್ಲು ಅದನ್ನೇ ನೋಡುದು."

ಅಪ್ಪನ ಧ್ವನಿ ಏರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಂಗಡಿಯ ಅರಬಾಬ್‌ಗೆ, ಅಂದರೆ ಮಾಲಿಕರಿಗೆ, ತಿಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಖಲಾಸ್, ಮೂವರೂ ಊರಿಗೆ.

ಸಪಾಟಾದ ಅಂಚನ್ನು ರಟ್ಟಿನಡಿ ಮುಚ್ಚಿ ಅಪ್ಪ ಫ್ರೇಮ್ ಹಾಕಿದರು. ಕಲಾವಿದೆ ಬರುವ ದಿನ ಅಮ್ಮ ನನ್ನನ್ನು ಎಳೆದುಕೊಂಡೇ ಅಂಗಡಿಗೆ ನಡೆದರು. ಅರಬಾಬ್ ನಮಾಜಿಗೆ ಹೋಗಿದ್ದರು.

ಅಂಚನ್ನೇಕೆ ಮುಚ್ಚಿದ್ದೀರಿ ಎಂದು ಕಲಾವಿದೆ ಬಂದವರೇ ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಫ್ರೇಮಿನ ಗಾಜು ಒರೆಸತೊಡಗಿದರು.

"ನಾನೇ ಇಸ್ತ್ರಿ ಹಾಕಿದ್ದು ಅಂತ ಹೇಳು," ಅಮ್ಮ ನನ್ನ ಭುಜ ಹಿಂಡಿದರು. ಅವರಿಗೆ ಇಂಗ್ಲಿಷ್ ಬಾರದು.

"ಹೇಳ್ಬೇಡ," ಎಂದರು ಅಪ್ಪ.

ಅಮ್ಮ ಹೇಳಿದ್ದನ್ನೇ ಆಕೆಗೆ ಹೇಳಿಬಿಟ್ಟೆ.

ಆಕೆ ಅಮ್ಮನ ಕೈಗಳನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಅರಬಾಬ್ ಒಳಗೆ ಬಂದು ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು. ಸರಿಯಿದೆ ಎಂದು ಆಕೆ ಚಿತ್ರವನ್ನು ಕಂಕುಳಿಗೆ ಸೇರಿಸಿ ಹೊರಟರು. ಉಳಿದ ಚಿತ್ರಗಳನ್ನು ತರಲೇ ಇಲ್ಲ.

ಕೆಲಸ ಉಳಿಯಿತು, ನಾವೂ ಉಳಿದೆವು. ಆದರೆ ಅಪ್ಪ ಮತ್ತೆ ಯಾವ ಚಿತ್ರವನ್ನೂ ಮನೆಗೆ ತರಲಿಲ್ಲ. ದೊಡ್ಡವಳಾದ ಮೇಲೆ ಆ ಕಾದಂಬರಿಯನ್ನು ಹುಡುಕಿ ಓದಿದೆ. ಅದರ ಹುಡುಗಿಗೆ ಏನಾಯಿತೆಂದು ಈಗ ಗೊತ್ತು. ಅಪ್ಪನ ಹುಡುಗಿ ಮಾತ್ರ ಇನ್ನೂ ಆ ಕಾಡಿನಲ್ಲೇ ಇದ್ದಾಳೆ. ಮೊನ್ನೆ ತಡೆಯಲಾಗದೆ, ಆ ಕಥೆಯಲ್ಲಿ ಮುಂದೇನಾಯಿತೆಂದು ಅಪ್ಪನನ್ನು ಕೇಳಿಯೇಬಿಟ್ಟೆ.

"ಯಾವ ಕಥೆ ಮಗಾ?" ಎಂದರು.