ಡ್ರಮ್ಮು ಕಳಿಯುವವರೆಗೆ

ಆಗೆಲ್ಲ ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಚಳಿಗಾಲ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ. ತಳ್ಳುಗಾಡಿಯ ಮೇಲೆ ಅವರೆಕಾಯಿ ಗುಡ್ಡೆ ಕಂಡರೆ ಸಾಕು, ಮನೆಮನೆಯ ಬಾಗಿಲಲ್ಲಿ ಹೆಂಗಸರು ಮೊರ ಇಟ್ಟುಕೊಂಡು ಕೂತುಬಿಡುತ್ತಿದ್ದರು. ಸೊಗಡಿನ ಕಾಯಿ ಸುಲಿದ ಬೆರಳಿನ ವಾಸನೆ ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕದಲ್ಲಿ ಕೂತವಳು ನನ್ನ ಕೈ ಮೂಸಿ, "ನಿಮ್ಮನೇಲೂ ಉಪ್ಪಿಟ್ಟಿಗೆ ಅವರೆಕಾಳಾ?" ಎಂದು ಕೇಳುತ್ತಿದ್ದಳು. ಆ ವಾಸನೆಗೆ ನಿಮಗೆಲ್ಲ ಬಾಯಲ್ಲಿ ನೀರೂರಬಹುದು. ನಾನು ಆ ತಳ್ಳುಗಾಡಿ ಕಂಡರೆ ರಸ್ತೆ ದಾಟಿಬಿಡುತ್ತೇನೆ. ನನಗೆ ಹತ್ತು ವರ್ಷವಾಗಿದ್ದಾಗಿನ ಒಂದು ಅವರೆಕಾಯಿ ಕಾಲ ಅದಕ್ಕೆ ಕಾರಣ.

ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಓನರ್ ಅಜ್ಜಿ. ಬಡಾವಣೆ ಆಗುವ ಮುಂಚೆ ಅಲ್ಲೆಲ್ಲ ಅವರ ರಾಗಿ ಹೊಲ ಇತ್ತಂತೆ. ಅಪ್ಪ ಔಷಧಿ ಕಂಪನಿಯ ರೆಪ್. ವಾರವಿಡೀ ಸ್ಕೂಟರಿನಲ್ಲಿ ಡಾಕ್ಟರುಗಳ ಬಾಗಿಲು ಸುತ್ತಿ ಬಂದವನು ಭಾನುವಾರ ತಾರಸಿ ಬಿಟ್ಟು ಕದಲುತ್ತಿರಲಿಲ್ಲ. ಹಳೆಯ ಪೇಂಟ್ ಬಕೆಟ್ಟುಗಳಲ್ಲಿ ಮೆಂತ್ಯ, ಟೊಮ್ಯಾಟೊ, ದೊಡ್ಡಪತ್ರೆ, ಮೂಲೆಯಲ್ಲಿ ಒಂದು ಕರಿಬೇವು. ಅವುಗಳಿಗಿಂತ ಹೆಚ್ಚಾಗಿ ಅವನ ಹೆಮ್ಮೆ ಎಂದರೆ ಎರಡು ನೀಲಿ ಡ್ರಮ್ಮುಗಳು. ಮೈತುಂಬ ತೂತು ಕೊರೆದು, ಇಟ್ಟಿಗೆಯ ಮೇಲೆ ಕೂರಿಸಿ, ಅಡುಗೆಮನೆಯ ಸಿಪ್ಪೆ-ಗಿಪ್ಪೆಯನ್ನೆಲ್ಲ ಅದರಲ್ಲಿ ಹಾಕಿ ಗೊಬ್ಬರ ಮಾಡುತ್ತಿದ್ದ. ಒಂದು ಪದರ ಹಸಿ, ಅದರ ಮೇಲೆ ಬೀದಿಯ ಹೊಂಗೆ ಮರದ ಒಣಗಿದ ಎಲೆ, ನಡುನಡುವೆ ಒಂದು ಲೋಟ ಹುಳಿ ಮಜ್ಜಿಗೆ. ಎಲೆ ಆರಿಸಿ ತರುವ ಕೆಲಸ ನನ್ನದು. ಒಂದು ಡ್ರಮ್ಮು ತುಂಬಿದ ಮೇಲೆ ಅದನ್ನು ಮುಚ್ಚಿ, ಹೊಸದೇನನ್ನೂ ಹಾಕದೆ, ವಾರಕ್ಕೊಮ್ಮೆ ತಿರುವಿ ಹಾಕುತ್ತ ಕಾಯಬೇಕು. ಅಷ್ಟರಲ್ಲಿ ಇನ್ನೊಂದು ತುಂಬುತ್ತಿರುತ್ತದೆ.

"ನಾವು ತಿಪ್ಪೆ ಬ್ಯಾಡ ಅಂತ ಮನೆ ಕಟ್ಟುದ್ವಿ. ನೀವು ಮನೆ ಮ್ಯಾಲೇ ತಿಪ್ಪೆ ಸಾಕ್ತಿದೀರಲ್ಲಪ್ಪ!" ಎಂದು ಅಜ್ಜಿ ನಗುತ್ತಿದ್ದರು. ನಗುತ್ತಲೇ ಡ್ರಮ್ಮಿಗೆ ಕೈ ಹಾಕಿ ಒಂದು ಹಿಡಿ ತೆಗೆದು, "ಇನ್ನಾ ಕಳೀಬೇಕು" ಎನ್ನುತ್ತಿದ್ದರು. ಆ ಮಾತನ್ನು ಅಪ್ಪ ಅಜ್ಜಿಯಿಂದಲೇ ಕಲಿತ. ಅಲ್ಲಿಯವರೆಗೆ 'ರೆಡಿ' ಎನ್ನುತ್ತಿದ್ದವನು ಆಮೇಲೆ ಹಳ್ಳಿಯವನ ಗತ್ತಿನಲ್ಲಿ 'ಕಳಿತಿದೆ' ಎನ್ನತೊಡಗಿದ.

ಅಪ್ಪ ಅಮ್ಮ ಜಗಳವಾಡುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಅವರು ಮಾತೇ ಬಿಟ್ಟಿದ್ದರು. "ಗ್ಯಾಸ್ ಮುಗಿದಿದೆ ಅಂತ ನಿಮ್ಮಪ್ಪಂಗೆ ಹೇಳು," "ಬುಕ್ ಮಾಡಿದೀನಿ ಅಂತ ನಿಮ್ಮಮ್ಮಂಗೆ ಹೇಳು." ಒಂದೇ ಕೋಣೆಯಲ್ಲಿ ನಿಂತ ಇಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್. ಅದು ಯಾಕೆ ಶುರುವಾಯಿತೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ದೀಪಾವಳಿ ಕಳೆದ ವಾರ ಅಪ್ಪ ಒಂದು ಸೂಟ್‌ಕೇಸ್ ಹಿಡಿದು ಜೆ.ಪಿ. ನಗರದಲ್ಲಿದ್ದ ತನ್ನ ತಂಗಿ, ನನ್ನ ಅತ್ತೆಯ ಮನೆಗೆ ಹೊರಟ. ಮೆಟ್ಟಿಲಿನಲ್ಲಿ ಅವನ ಶರ್ಟು ಹಿಡಿದುಕೊಂಡೆ.

"ಮತ್ತೆ ಯಾವಾಗ ಬರ್ತೀಯಪ್ಪಾ?"

ಅಪ್ಪ ತಾರಸಿಯ ಕಡೆ ನೋಡಿದ. "ಮೊನ್ನೆ ತಾನೆ ಡ್ರಮ್ ಮುಚ್ಚಿದೀನಲ್ಲ, ತಿರುವಿ ಹಾಕೋರು ಯಾರು? ಅದು ಕಳಿಯೋವರೆಗೂ ಪ್ರತಿ ಭಾನುವಾರ ಬರ್ತೀನಿ."

"ಕಳಿತ ಮೇಲೆ?"

"ಕಳೀಲಿ ಚಿನ್ನು, ಆಮೇಲೆ ನೋಡೋಣ."

ಹೇಳಿದಂತೆ ಬಂದ. ಮೊದಲ ಭಾನುವಾರ ಅಮ್ಮ ರೂಮಿನಿಂದ ಹೊರಗೇ ಬರಲಿಲ್ಲ. ಮೂರನೆಯ ಭಾನುವಾರ ನನ್ನ ಕೈಯಲ್ಲಿ ಕಾಫಿ ಕೊಟ್ಟು ಕಳಿಸಿದಳು. ಅವರೆಕಾಯಿ ಬಂದ ಮೇಲೆ ಒಂದು ಭಾನುವಾರ ಹಿತಕಿದ ಬೇಳೆ ಸಾರು ಮಾಡಿದಳು. ಅದು ಅಪ್ಪನಿಗೆ ಪ್ರಾಣ. ಹಿಂದಿನ ದಿನವೇ ಕಾಳು ನೆನೆಹಾಕಿ, ಬೆಳಿಗ್ಗೆ ನಾವಿಬ್ಬರೂ ಕೂತು ಒಂದೊಂದನ್ನೇ ಹಿತಕಿದ್ದೆವು. ಅಮ್ಮ ಸೌಟು ಹಿಡಿದುಕೊಂಡೇ ತಾರಸಿಗೆ ಬಂದು, ಅಪ್ಪ ಎರಡು ಮಾರು ದೂರದಲ್ಲಿ ನಿಂತಿದ್ದರೂ ನನಗೆ ಹೇಳಿದಳು: "ಊಟ ಮಾಡ್ಕೊಂಡು ಹೋಗ್ಬೇಕಂತೆ ಅಂತ ಹೇಳು."

"ಕೈ ತೊಳ್ಕೊಂಡು ಬರ್ತಾರಂತೆ ಅಂತ ಹೇಳು," ಎಂದ ಅಪ್ಪ. ಅಮ್ಮ ನಗು ತಡೆಯಲಾರದೆ ತಿರುಗಿ ಇಳಿದುಬಿಟ್ಟಳು. ಅಂದು ಮುದ್ದೆ ಮುರಿಯುತ್ತ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ.

ಊಟವಾದ ಮೇಲೆ ಅಪ್ಪ ನನ್ನನ್ನು ಡ್ರಮ್ಮಿನ ಹತ್ತಿರ ಕರೆದ. ಕಪ್ಪಗೆ ಪುಡಿಪುಡಿಯಾಗಿದ್ದನ್ನು ಅಂಗೈಯಲ್ಲಿ ಹಿಡಿದು ನನ್ನ ಮೂಗಿಗೆ ಒಡ್ಡಿದ. "ನೋಡು, ಮಳೆ ಬಿದ್ದ ಮಣ್ಣಿನ ವಾಸನೆ. ಇನ್ನೆರಡು ವಾರ, ಆಗೋಯ್ತು!"

ಅವನ ಮುಖ ಅರಳಿತ್ತು. ನಾನು ಬೆರಳು ಮಡಿಸಿ ಎಣಿಸಿದೆ. ಇನ್ನು ಎರಡೇ ಭಾನುವಾರ!

ಮಾರನೆಯ ದಿನ ಶಾಲೆಯಿಂದ ಬಂದವಳೇ ತಾರಸಿಗೆ ಓಡಿದೆ. ಅಮ್ಮ ಆಫೀಸಿನಿಂದ ಬರುವುದು ಆರು ಗಂಟೆಗೆ. ಮುಚ್ಚಳದ ಮೇಲಿನ ಇಟ್ಟಿಗೆ ಇಳಿಸಿ, ಪಕ್ಕದ ಡ್ರಮ್ಮಿನಲ್ಲಿದ್ದ ಹಸಿ ಅವರೆ ಸಿಪ್ಪೆಯನ್ನೆಲ್ಲ ಬಾಚಿ ಬಾಚಿ ಇದಕ್ಕೆ ಸುರಿದೆ. ಮರುದಿನ ಉಳಿದ ಸಾರು. ಅದರ ಮರುದಿನ ನನ್ನ ಡಬ್ಬಿಯ ಮೊಸರನ್ನ. ಒಂದು ಹೊಂಗೆ ಎಲೆಯನ್ನೂ ಹಾಕಲಿಲ್ಲ. ಹಸಿಯ ಮೇಲೆ ಹಸಿ ಬಿದ್ದರೆ ಕಳಿಯುವುದಿಲ್ಲವೆಂದು ಅಪ್ಪನೇ ಕಲಿಸಿದ್ದನಲ್ಲ, ಆ ವಿದ್ಯೆಯನ್ನೆಲ್ಲ ತಿರುಗುಮುರುಗಾಗಿ ಬಳಸಿದೆ. ಇನ್ನು ಅದು ಬೇಸಿಗೆಯವರೆಗೂ ಕಳಿಯುವುದಿಲ್ಲ, ಅಪ್ಪ ಬರುತ್ತಲೇ ಇರಬೇಕು ಎಂದು ಲೆಕ್ಕ ಹಾಕಿ, ಪಕ್ಕದಲ್ಲೇ ಕುಂಟೆಬಿಲ್ಲೆ ಆಡಿಕೊಂಡೆ.

ಆ ಭಾನುವಾರ ಅಪ್ಪ ಮೀಟಿಂಗೆಂದು ಬರಲಿಲ್ಲ. ಎರಡನೆಯ ವಾರ ಡ್ರಮ್ಮು ನಾರತೊಡಗಿತು. ಅಮ್ಮ ಮುಖ ಕಿವುಚಿ, "ನಿಮ್ಮಪ್ಪನೇ ಬಂದು ನೋಡ್ಕೊಳ್ಲಿ," ಎಂದು ಸುಮ್ಮನಾದಳು. ಶನಿವಾರ ಬೆಳಿಗ್ಗೆ ತೂತುಗಳಿಂದ ಕಪ್ಪು ನೀರು ಒಸರಿ, ಪೈಪಿನಲ್ಲಿಳಿದು ಅಜ್ಜಿಯ ರಂಗೋಲಿಯ ಮೇಲೆ ಹರಿಯಿತು. "ಏನ್ರಮ್ಮಾ ಇದು, ನಾತ! ಬಾಡಿಗೆಗೆ ಮನೆ ಕೊಟ್ಟಿದ್ದಾ, ಚರಂಡಿ ಕೊಟ್ಟಿದ್ದಾ?" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದರು. ಅಮ್ಮ ಫೋನು ಮಾಡಿ ಅಪ್ಪನಿಗೆ ತಿಳಿಸಿದಳು. ಅಷ್ಟು ತಿಂಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. ತಾರಸಿಗೆ ಹೋಗಿ ಮುಚ್ಚಳ ತೆಗೆದ. ಬಿಳಿ ಹುಳ ಗಿಜಿಗಿಜಿ ಎನ್ನುತ್ತಿದ್ದವು. ಕೋಲಿನಿಂದ ಕೆದಕಿ ನೋಡಿದ, ಅವರೆ ಸಿಪ್ಪೆ ಮೇಲೆ ಬಂತು. ಡ್ರಮ್ಮು ಮುಚ್ಚಿದ್ದು ದೀಪಾವಳಿಗೆ. ಆಗ ಎಲ್ಲಿಯ ಅವರೆಕಾಯಿ? ಅಪ್ಪ ಅಮ್ಮನ ಕಡೆ ತಿರುಗಿದ. ಅವನ ದನಿ ಏರಿರಲಿಲ್ಲ.

"ನಾನು ಬರೋದು ಬೇಡ ಅಂದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ? ಇದನ್ನ ಯಾಕೆ ಹಾಳು ಮಾಡ್ದೆ?"

"ನಾನ್ಯಾಕ್ರೀ ಇದನ್ನ…" ಎಂದು ಅಮ್ಮ ಶುರು ಮಾಡಿದವಳು ನನ್ನ ಕಡೆ ನೋಡಿದಳು. ನಾನು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ. ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅಪ್ಪ ಕೋಪದಲ್ಲಿ ನನಗೆ ಹೊಡೆದಾನೆಂದು ಹೆದರಿದಳೋ, ನಾನು ಆ ತಪ್ಪು ಹೊರಬಾರದೆಂದುಕೊಂಡಳೋ, ಸೆರಗು ಸರಿ ಮಾಡಿಕೊಂಡು ಹೇಳಿದಳು:

"ಹೌದು. ನಾನೇ ಹಾಕಿದ್ದು."

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಬೈಗುಳ ತಪ್ಪಿತಲ್ಲ ಎಂದು ಒಳಗೊಳಗೇ ನೆಮ್ಮದಿಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಅಪ್ಪ ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ, ನನ್ನ ತಲೆ ಸವರಿ, "ಹೋಗ್ತೀನಿ" ಎಂದ. ನಮ್ಮ ಮನೆಗಳಲ್ಲಿ ಹೊರಡುವವರು ಯಾರೂ ಹಾಗೆನ್ನುವುದಿಲ್ಲ, 'ಬರ್ತೀನಿ' ಎನ್ನುತ್ತಾರೆ. ಬಾಯಿತಪ್ಪಿ ಅಂದನೆಂದುಕೊಂಡೆ.

ಮುಂದೆ ಅತ್ತೆಯ ಮನೆಯಲ್ಲಿ, ದರ್ಶಿನಿ ಹೋಟೆಲುಗಳಲ್ಲಿ, ಕೋರ್ಟಿನ ಬೆಂಚಿನ ಮೇಲೆ ಅವನನ್ನು ಎಷ್ಟೋ ಸಲ ನೋಡಿದೆ. ಆ ಮೆಟ್ಟಿಲನ್ನು ಅವನು ಮತ್ತೆ ಹತ್ತಲಿಲ್ಲ. ಬೇಸಿಗೆಯ ಹೊತ್ತಿಗೆ ಬಕೆಟ್ಟುಗಳೆಲ್ಲ ಒಣಗಿದವು. ಈಗ ಅಮ್ಮ, ನಾನು ಸಾರಕ್ಕಿ ಕಡೆಯ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಹಸಿ ಕಸವನ್ನು ಹಸಿರು ಬುಟ್ಟಿಯಲ್ಲಿ ಬಾಗಿಲ ಹೊರಗಿಟ್ಟರೆ ಯಾರೋ ಒಯ್ಯುತ್ತಾರೆ. ಆ ಹಳೆಯ ಮನೆಯನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸಿದ್ದಾರೆ.

ಎರಡು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದ. ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅವನಾಗಿಯೇ ಹೇಳಿದ: "ಆವತ್ತು ನಿಮ್ಮಮ್ಮನ್ನ ಕೇಳೋಣ ಅಂತ್ಲೇ ಬಂದಿದ್ದೆ ಕಣಮ್ಮ, ವಾಪಸ್ ಬರ್ಲಾ ಅಂತ. ಆ ಡ್ರಮ್ ನೋಡಿದ ಮೇಲೆ ಕೇಳೋಕೆ ಏನಿತ್ತು ಹೇಳು?"

ನಾನು ಚಮಚ ಬಟ್ಟಲಿಗಿಟ್ಟೆ. ಇಷ್ಟು ವರ್ಷಗಳಾದ ಮೇಲೂ ನನ್ನ ಬಾಯಿಗೆ ಬಂದದ್ದು, "ನೀರು ಬೇಕಾಪ್ಪಾ?" ಎಂಬುದಷ್ಟೇ. ಇವತ್ತಲ್ಲ ನಾಳೆ ಹೇಳಿದರಾಯಿತು ಎಂದುಕೊಂಡೆ. ಅದೇ ವಾರ ಅಪ್ಪ ತೀರಿಕೊಂಡ.

ಅವನು ಕೇಳಲು ಬಂದಿದ್ದ ಮಾತನ್ನು ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ನನ್ನನ್ನು ಉಳಿಸಲೆಂದು ಆಡಿದ ಸುಳ್ಳಿನಿಂದ ಅವಳು ಕಳೆದುಕೊಂಡದ್ದು ಏನೆಂದು ಯಾವ ಬಾಯಲ್ಲಿ ಹೇಳಲಿ? ಅಪ್ಪನಂತೂ ಆ ಮನೆಯಲ್ಲಿ ತಾನು ಯಾರಿಗೂ ಬೇಡವಾಗಿದ್ದೆ ಎಂದುಕೊಂಡೇ ಹೋದ. ನೀನು ಬೇಕೆಂದೇ ನಾನು ಹಾಳು ಮಾಡಿದೆನಪ್ಪಾ ಎಂದು ಹೇಳಲು ಈಗ ಅವನೇ ಇಲ್ಲ.