ವಾಂತಿಯಾಗಿತ್ತು, ಡಾಕ್ಟರೇ

ಡಾಕ್ಟರೇ, ಅಕ್ಕನಿಗೆ ವಾಂತಿಯಾಗಿತ್ತು. ಇಲ್ಲ ಎಂದು ನಿಮ್ಮೆದುರು ನಾನು ಹೇಳಿದ್ದು ಸುಳ್ಳು.

ಆಪರೇಷನ್ನಿನ ಹಿಂದಿನ ದಿನವೂ ಅಕ್ಕ ನ್ಯಾಮತಿಯ ನಮ್ಮ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಪೊರೆ ಬಂದ ಕಣ್ಣಿಗೆ ಬಜ್ಜಿಯ ಬಣ್ಣ ತಿಳಿಯುತ್ತಿರಲಿಲ್ಲ.

"ಏನಕ್ಕಾ, ಇದು ಬಜ್ಜಿನೋ ಇದ್ದಿಲೋ?" ಎಂದು ಗಿರಾಕಿಯೊಬ್ಬ ಕೇಳಿದ.

"ತಿನ್ನಲೇ, ಹಲ್ಲಾದ್ರೂ ಬೆಳ್ಳಗಾಗ್ತಾವೆ!"

ಅವಳ ಬಾಯಿ ಹಾಗೆ. ನನ್ನನ್ನಂತೂ ಬೈಯದೆ ಬಿಟ್ಟ ದಿನವಿಲ್ಲ.

ಮರುದಿನ ಚನ್ನಗಿರಿಯಲ್ಲಿ ಪೊರೆ ತೆಗೆದ ಮೇಲೆ ನೀವು ನನಗೆ ಬಿಡಿಸಿ ಹೇಳಿದಿರಿ — ಕಣ್ಣಿನ ಒಳಗೆ ಪೆಟ್ಟಾಗದಿರಲೆಂದು ಅಂಟಿನಂಥ ಜೆಲ್ ತುಂಬಿರುತ್ತೇವೆ, ಕೊನೆಗೆ ತೊಳೆದು ತೆಗೆಯುತ್ತೇವೆ, ಆದರೂ ಚೂರು ಉಳಿದರೆ ಒತ್ತಡ ಏರುತ್ತದೆ.

"ತಲೆನೋವು, ವಾಂತಿ ಆದ್ರೆ ಕಾಯಬ್ಯಾಡ್ರಿ, ಕೂಡಲೇ ಕರ್ಕೊಂಡು ಬರ್ರಿ. ಏನೂ ಆಗದಿದ್ರೂ ನಾಳೆ ತೋರಿಸ್ರಿ."

ಊರಿಗೆ ಮರಳುವಾಗ ಹೊನ್ನಾಳಿ ದಾಟುವ ಮೊದಲೇ ಅಕ್ಕ ಬಸ್ಸಿನ ಕಿಟಕಿಯಲ್ಲಿ ವಾಂತಿ ಮಾಡಿಕೊಂಡಳು. ಬಸ್ಸು ಹತ್ತಿದರೆ ಅವಳಿಗೆ ಯಾವಾಗಲೂ ಹಾಗೆಯೇ — ನಿಂಬೆಹಣ್ಣು ಮೂಸಲು ಕೊಟ್ಟೆ. ಮನೆಗೆ ಬಂದವಳು ತಲೆ ಹಿಡಿದು ಕುಳಿತಳು.

"ತಲೆ ಸಿಡಿತೈತೆ ಕಣೇ, ಡಾಕ್ಟರಿಗೆ ಫೋನ್ ಮಾಡೇ."

"ಬಸ್ಸಿಂದು, ಮಲಗಕ್ಕ."

ಮರುದಿನ ಸಂತೆ. ವ್ಯಾಪಾರ ಬಿಡಲು ಮನಸ್ಸಾಗದೆ ಅವಳನ್ನು ಒಬ್ಬಳನ್ನೇ ಬಿಟ್ಟು ಗಾಡಿ ತಳ್ಳಿಕೊಂಡು ಹೋದೆ. ಕೊನೆಗೆ ಅವಳು ನೋವು ತಾಳದೆ ಅತ್ತ ಮೇಲೆ ನಿಮ್ಮಲ್ಲಿಗೆ ಬಂದೆವು. ಅಷ್ಟರಲ್ಲಿ ಒತ್ತಡಕ್ಕೆ ಕಣ್ಣಿನ ನರ ಸತ್ತಿತ್ತು.

"ವಾಂತಿ ಆಗಿತ್ತಾ?" ಎಂದಿರಿ.

"ಇಲ್ರೀ" ಎಂದೆ. ಪಕ್ಕದಲ್ಲಿದ್ದ ಅಕ್ಕ ತುಟಿ ಬಿಚ್ಚಲಿಲ್ಲ.

ಆಮೇಲೆ ಹುಟ್ಟಿದ್ದು ಹಗೆ. ಯಾರನ್ನಾದರೂ ಸುಡಬೇಕಿತ್ತು — ನನ್ನನ್ನು ಬಿಟ್ಟು. ಜಗಳೂರಿನ ನಿಮ್ಮ ಕಣ್ಣಿನ ಶಿಬಿರದವರೆಗೂ ಬೆನ್ನು ಹತ್ತಿದೆ. "ಅಂಟು ಕಣ್ಣಾಗೇ ಬಿಟ್ಟು ನಮ್ಮಕ್ಕನ್ನ ಕುರುಡಿ ಮಾಡ್ಯಾನೆ, ಏಳ್ರಬೇ!" ಎಂದು ಸಾಲಿನಲ್ಲಿದ್ದ ಮುದುಕಿಯರನ್ನು ಕೈಹಿಡಿದು ಎಬ್ಬಿಸಿದೆ. ಸಾಲು ಕರಗಿತು. ಬಾಗಿಲಲ್ಲಿ ನಿಂತ ನಿಮ್ಮ ಮುಖ ಕಂಡು ನನ್ನ ಹೊಟ್ಟೆ ತಣ್ಣಗಾಯಿತು. ನೀವು ಊರು ಬಿಟ್ಟಿರೆಂದು ಕೇಳಿದ ದಿನ ಅಕ್ಕನಿಗೆ ಸಂಭ್ರಮದಿಂದ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು.

ಆ ಹಗೆ ಈಗಲೂ ಪೂರ್ತಿ ಆರಿಲ್ಲ. ಜೆಲ್ ಚೂರು ಉಳಿಸಿದ್ದು ನಿಮ್ಮ ಕೈಯಲ್ಲವೇ ಎಂದು ಮನಸ್ಸು ಇನ್ನೂ... ಆದರೆ ಸಂತೆಗೆ ಹೋದವಳು ನಾನು. ಸುಳ್ಳು ಕೂಗಿದ ಜಗಳೂರಿನಲ್ಲೇ, ಅದೇ ಜನರ ಮುಂದೆ ಇದನ್ನೂ ಹೇಳುತ್ತೇನೆ.

ಅಕ್ಕ ಹೋದ ತಿಂಗಳು ತೀರಿಕೊಂಡಳು. ಎಣ್ಣೆ ಚೆಲ್ಲಿದ್ದಕ್ಕೆ, ಉಪ್ಪು ಹೆಚ್ಚಾದದ್ದಕ್ಕೆ ಕೊನೆಯವರೆಗೂ ಬೈದಳು. ಕಣ್ಣಿನ ವಿಷಯಕ್ಕೆ ಒಂದು ಮಾತೂ ಬೈಯಲಿಲ್ಲ.